ಅಂಗಳದ ಕಾರು, ಗೋಡೆಯ ಮೀಟರು

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನಲ್ಲಿ ಎಮ್ಮಿಗನೂರು ಎಂಬ ಊರಿದೆ. ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದು ಬಂದು ಸುತ್ತಲಿನ ಹೊಲಗಳನ್ನೆಲ್ಲ ಬತ್ತದ ಗದ್ದೆಗಳನ್ನಾಗಿ ಮಾಡಿರುವ ಪ್ರದೇಶವಿದು. ಈ ಊರಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಮನೆಯ ಯಜಮಾನರಿಗೆ ಸ್ವಲ್ಪ ಗದ್ದೆಯೂ ಬೀಜ ಗೊಬ್ಬರಗಳ ಒಂದು ಚಿಕ್ಕ ಅಂಗಡಿಯೂ ಉಂಟು. ವ್ಯಾಪಾರದ ನಿಮಿತ್ತ ಒಂದು ದಿನ ಕಂಪ್ಲಿಗೆ, ಇನ್ನೊಂದು ದಿನ ಬಳ್ಳಾರಿಗೆ, ಮತ್ತೊಂದು ದಿನ ಗಂಗಾವತಿಗೆ ಅವರು ಓಡಾಡಬೇಕಾಗುತ್ತದೆ. ಅವರ ಹಳೆಯ ಪೆಟ್ರೋಲ್ ಕಾರು ಈಗ ದುರಸ್ತಿಗೆ ಬಾರದ ಸ್ಥಿತಿಯನ್ನು ಮುಟ್ಟಿದೆ. ಬಳ್ಳಾರಿಯ ಕಾರು ಮಾರುವ ಮಳಿಗೆಯಲ್ಲಿ ಒಬ್ಬ ತರುಣನು ಅವರಿಗೆ ವಿದ್ಯುತ್ ಕಾರೊಂದನ್ನು ತೋರಿಸಿ, “ಅಣ್ಣಾ, ಪೆಟ್ರೋಲಿನ ಮಾತೇ ಮರೆತುಬಿಡಿ. ರಾತ್ರಿ ಮನೆಯಲ್ಲಿ ಪ್ಲಗ್ಗಿಗೆ ಹಾಕಿ ಮಲಗಿದರಾಯಿತು. ಕಿಲೋಮೀಟರಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ” ಎಂದು ಹೇಳಿದನು.

ಆ ಮಾತು ಸುಳ್ಳಲ್ಲ. ಆದರೆ ಅದು ಪೂರ್ಣವಾದ ಮಾತೂ ಅಲ್ಲ. ಯಜಮಾನರ ಮಗಳು ನಿಮ್ಮಂತೆಯೇ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ತಂದೆಯು ಬ್ಯಾಂಕಿನ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಈ ಒಂದು ರೂಪಾಯಿಯ ಲೆಕ್ಕವನ್ನು ತಾನೇ ಮಾಡಿ ನೋಡಬೇಕೆಂದು ಅವಳು ಕುಳಿತಳು. ನಾವೂ ಅವಳ ಪಕ್ಕದಲ್ಲಿ ಕುಳಿತು ಆ ಲೆಕ್ಕವನ್ನು ನೋಡೋಣ.

ಮೊದಲು ಅಳತೆಯ ಮಾತು. ಅಕ್ಕಿಯನ್ನು ಸೇರಿನಿಂದಲೂ ಹಾಲನ್ನು ಲೀಟರಿನಿಂದಲೂ ಅಳೆಯುವಂತೆ ವಿದ್ಯುಚ್ಛಕ್ತಿಯನ್ನು ಯೂನಿಟ್ಟಿನಿಂದ ಅಳೆಯುತ್ತಾರೆ. ಸಾವಿರ ವ್ಯಾಟಿನ ಒಂದು ಉಪಕರಣವು ಒಂದು ಗಂಟೆ ಕೆಲಸ ಮಾಡಿದರೆ ಖರ್ಚಾಗುವ ಶಕ್ತಿಯೇ ಒಂದು ಯೂನಿಟ್ಟು. ಇದಕ್ಕೆ ಕಿಲೋವ್ಯಾಟ್ ಗಂಟೆ ಎಂಬ ಹೆಸರೂ ಉಂಟು. ನಲವತ್ತು ವ್ಯಾಟಿನ ಬಲ್ಬು ಇಪ್ಪತ್ತೈದು ಗಂಟೆ ಉರಿದರೆ ಒಂದು ಯೂನಿಟ್ಟು ಮುಗಿಯಿತು. ಹಿಂದೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗಳಿಗೆ ಒಂದೇ ಒಂದು ಬಲ್ಬಿನ ಸಂಪರ್ಕವನ್ನು ಕೊಡುತ್ತಿದ್ದರು. ಆ ಒಂದು ಬಲ್ಬಿನ ಬೆಳಕಿನಲ್ಲಿ ಓದಿ ಮುಂದೆ ಬಂದವರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂತಹ ಮನೆಗಳಿಗಾಗಿ ಎಳೆದ ತಂತಿಗಳೇ ಇಂದು ಕಾರನ್ನು ಓಡಿಸುವ ಭಾರವನ್ನೂ ಹೊರಬೇಕಾಗಿ ಬಂದಿದೆ.

ವಿದ್ಯುತ್ ಕಾರು ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರಿನ ಕಂಪನಿಯು ಪ್ರಾರಂಭವಾಯಿತು. ಚೇತನ್ ಮೈನಿ ಅವರು ಅದರ ಮುಖ್ಯ ಶಿಲ್ಪಿಗಳು. 2001ರಲ್ಲಿ ಆ ಪುಟ್ಟ ಕಾರು ಬೆಂಗಳೂರಿನ ರಸ್ತೆಗೆ ಇಳಿಯಿತು. ಮುಂದೆ ಅದು ಲಂಡನ್ ನಗರದ ಬೀದಿಗಳಲ್ಲಿಯೂ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಕಂಪನಿಯು ಮಹೀಂದ್ರ ಸಂಸ್ಥೆಯ ಕೈಸೇರಿತು. ರೇವಾ ಕಾರಿನಲ್ಲಿ ಸೀಸದ ಎಂಟು ಬ್ಯಾಟರಿಗಳಿದ್ದವು. ಅವೆಲ್ಲವೂ ಸೇರಿ ಹತ್ತು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಮನೆಯ ಹದಿನೈದು ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗಿನ ವೇಳೆಗೆ ಕಾರು ಸಿದ್ಧ. ಒಂದು ಸಲ ತುಂಬಿಸಿದರೆ 80 ಕಿಲೋಮೀಟರು ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಆದರೆ ಸೀಸದ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಸೋತುಹೋಗುತ್ತಿದ್ದವು. ಅವುಗಳನ್ನು ಬದಲಿಸಲು ದೊಡ್ಡ ಮೊತ್ತವನ್ನೇ ತೆರಬೇಕಾಗುತ್ತಿತ್ತು. ಚಾರ್ಜಿನ ಖರ್ಚು ಅಗ್ಗ, ಬ್ಯಾಟರಿಯ ಖರ್ಚು ಹಿರಿದು ಎಂಬ ಪಾಠವನ್ನು ರೇವಾ ಕೊಂಡವರು ಅಂದೇ ಕಲಿತಿದ್ದರು.

ಈಗಿನ ಕಾರುಗಳಲ್ಲಿ ಇರುವುದು ಲಿಥಿಯಂ ಬ್ಯಾಟರಿ. ಉದಾಹರಣೆಗೆ, 2022ರಲ್ಲಿ ಬಂದ ಟಾಟಾ ಟಿಯಾಗೊ ವಿದ್ಯುತ್ ಕಾರಿನ ದೊಡ್ಡ ಬ್ಯಾಟರಿಯು 24 ಯೂನಿಟ್ಟುಗಳನ್ನು ಹಿಡಿಯುತ್ತದೆ. ಪರೀಕ್ಷಾಲಯದ ಲೆಕ್ಕದಲ್ಲಿ ಅದು 315 ಕಿಲೋಮೀಟರು ಓಡುತ್ತದೆಯೆಂದು ಕಂಪನಿ ಘೋಷಿಸಿತ್ತು. ಆದರೆ ಪರೀಕ್ಷಾಲಯದಲ್ಲಿ ಬಳ್ಳಾರಿಯ ಬಿಸಿಲಿಲ್ಲ. ರಸ್ತೆಯಲ್ಲಿ ಎತ್ತಿನ ಬಂಡಿ ಅಡ್ಡ ಬರುವುದಿಲ್ಲ. ಬತ್ತದ ಮೂಟೆಯನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಹೋಗುವವರೂ ಇಲ್ಲ. ನಿಜವಾದ ರಸ್ತೆಯಲ್ಲಿ, ತಂಪು ಯಂತ್ರವನ್ನು ಹಾಕಿಕೊಂಡು ಹೋದರೆ, ಇಂತಹ ಕಾರು 200 ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದು ಸೂಕ್ಷ್ಮವುಂಟು. ಬ್ಯಾಟರಿಯಲ್ಲಿ ತುಂಬುವುದು 24 ಯೂನಿಟ್ಟಾದರೂ ಮೀಟರು ಓಡುವುದು ಅದಕ್ಕಿಂತ ಹೆಚ್ಚು. ನಮ್ಮ ಮನೆಗೆ ಬರುವುದು ದಿಕ್ಕು ಬದಲಿಸುವ ವಿದ್ಯುತ್ತು. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು. ಒಂದನ್ನು ಇನ್ನೊಂದನ್ನಾಗಿ ಪರಿವರ್ತಿಸುವಾಗ ಸ್ವಲ್ಪ ಭಾಗ ಶಾಖವಾಗಿ ಸೋರಿಹೋಗುತ್ತದೆ. ಬಿಂದಿಗೆಯಿಂದ ಸೀಸೆಗೆ ಎಣ್ಣೆ ಹುಯ್ಯುವಾಗ ಒಂದಿಷ್ಟು ಚೆಲ್ಲುವುದಿಲ್ಲವೆ, ಹಾಗೆ. ಅಂಗಡಿಯವನು ಚೆಲ್ಲಿದ ಎಣ್ಣೆಗೂ ಹಣ ತೆಗೆದುಕೊಳ್ಳುತ್ತಾನೆ! ಬ್ಯಾಟರಿಯನ್ನು ಪೂರ್ತಿ ತುಂಬಿಸಲು ಮೀಟರಿನಲ್ಲಿ 27 ಯೂನಿಟ್ಟು ಬೇಕೆಂದು ಹಿಡಿಯೋಣ. 27 ಯೂನಿಟ್ಟಿಗೆ 200 ಕಿಲೋಮೀಟರು. ಎಂದರೆ ಒಂದು ಕಿಲೋಮೀಟರಿಗೆ 0.135 ಯೂನಿಟ್ಟು.

ಯಜಮಾನರು ದಿನಕ್ಕೆ ಸರಾಸರಿ 40 ಕಿಲೋಮೀಟರು ಓಡಾಡುತ್ತಾರೆ. ತಿಂಗಳಿಗೆ 1,200 ಕಿಲೋಮೀಟರು. ಅದಕ್ಕೆ ಬೇಕಾದ ವಿದ್ಯುತ್ತು 162 ಯೂನಿಟ್ಟು. ಆ ಒಂಟಿ ಬಲ್ಬಿನ ಲೆಕ್ಕದಲ್ಲಿ ಹೇಳುವುದಾದರೆ ಇದು 4,050 ಗಂಟೆಗಳ ಬೆಳಕು.

ಇನ್ನು ದರ. ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಬೆಲೆಯನ್ನು ನಿರ್ಧರಿಸುವುದು 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಎಮ್ಮಿಗನೂರಿಗೆ ವಿದ್ಯುತ್ತನ್ನು ಹಂಚುವುದು ಜೆಸ್ಕಾಂ. ಮೊದಲು ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂಬ ಮೆಟ್ಟಿಲು ಪದ್ಧತಿ ಇತ್ತು. 2024ರ ಏಪ್ರಿಲಿನಲ್ಲಿ ಅದನ್ನು ತೆಗೆದು, ಮನೆ ಬಳಕೆಯ ಎಲ್ಲ ಯೂನಿಟ್ಟುಗಳಿಗೂ 5 ರೂಪಾಯಿ 90 ಪೈಸೆಯ ಒಂದೇ ದರವನ್ನು ಗೊತ್ತುಮಾಡಿದರು. ಕಾರು ಕೊಳ್ಳುವವರಿಗೆ ಈ ಬದಲಾವಣೆ ಅನುಕೂಲವಾಯಿತು. 2025-26ನೆಯ ಸಾಲಿಗೆ ಆ ದರವು 5 ರೂಪಾಯಿ 80 ಪೈಸೆಗೆ ಇಳಿಯಿತು. ಆದರೆ ಬಲಗೈಯಲ್ಲಿ ಕೊಟ್ಟುದನ್ನು ಎಡಗೈಯಲ್ಲಿ ತೆಗೆದುಕೊಂಡ ಹಾಗೆ, ನೌಕರರ ಪಿಂಚಣಿ ಮತ್ತು ಉಪದಾನದ ಬಾಬ್ತಿಗೆ ಯೂನಿಟ್ಟಿಗೆ 36 ಪೈಸೆಯು ಸೇರಿತು. ವಿದ್ಯುತ್ ಶುಲ್ಕದ ಮೇಲೆ ಶೇಕಡಾ 9ರಷ್ಟು ತೆರಿಗೆ ಬೇರೆ. ಇಂಧನದ ಬೆಲೆಗೆ ತಕ್ಕಂತೆ ತಿಂಗಳು ತಿಂಗಳಿಗೆ ಏರಿಳಿಯುವ ಮತ್ತೊಂದು ಸಣ್ಣ ಬಾಬ್ತನ್ನು ನಾವು ಇಲ್ಲಿ ಕೈಬಿಡೋಣ.

ಹುಡುಗಿಯು ತನ್ನ ಪುಸ್ತಕದಲ್ಲಿ ಹೀಗೆ ಬರೆದಳು: 162 ಯೂನಿಟ್ಟಿನ ಶುಲ್ಕ 939 ರೂಪಾಯಿ 60 ಪೈಸೆ, ತೆರಿಗೆ 84 ರೂಪಾಯಿ 56 ಪೈಸೆ, ಪಿಂಚಣಿಯ ಬಾಬ್ತು 58 ರೂಪಾಯಿ 32 ಪೈಸೆ, ಒಟ್ಟು 1,082 ರೂಪಾಯಿ 48 ಪೈಸೆ. ಇದನ್ನು 1,200ರಿಂದ ಭಾಗಿಸಿದಾಗ ಕಿಲೋಮೀಟರಿಗೆ 90 ಪೈಸೆ ಬಂದಿತು.

“ಅಪ್ಪಾ, ಆ ಅಣ್ಣ ಹೇಳಿದ್ದು ಸರಿಯಾಗಿಯೇ ಇದೆ” ಎಂದಳು.

ತಂದೆಯು ಸಂತೋಷಪಟ್ಟರು. ಆದರೆ ಜಗುಲಿಯ ಮೇಲೆ ಕುಳಿತಿದ್ದ ತಾತನವರು, “ನೋಡವ್ವ, ನಮ್ಮ ಮನೆಗೆ ಈಗ ಕರೆಂಟು ಬಿಲ್ಲೇ ಬರುವುದಿಲ್ಲವಲ್ಲ, ಅದೇನಾಗುತ್ತದೆ?” ಎಂದು ಕೇಳಿದರು.

ಪ್ರಶ್ನೆ ಸರಳವಾದುದು. ಆದರೆ ಇಡೀ ಲೆಕ್ಕದ ಗಂಟು ಇದ್ದುದು ಅಲ್ಲಿಯೇ. 2023ರ ಜುಲೈ 1ರಿಂದ ರಾಜ್ಯ ಸರ್ಕಾರವು ಗೃಹಜ್ಯೋತಿ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಒಂದು ಮನೆಯು 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ಟು ಬಳಸಿತ್ತೋ ಅದರ ಮೇಲೆ ಶೇಕಡಾ ಹತ್ತರಷ್ಟನ್ನು ಸೇರಿಸಿ, ಅಷ್ಟು ವಿದ್ಯುತ್ತನ್ನು ಆ ಮನೆಗೆ ಉಚಿತವಾಗಿ ಕೊಡುವುದು ಇದರ ಮೂಲ ನಿಯಮ. ಆ ಅರ್ಹತೆಯನ್ನು ಮೀರಿ ಬಳಸಿದರೆ, ಮೀರಿದ ಯೂನಿಟ್ಟುಗಳಿಗೆ ಮಾತ್ರ ಹಣ ತೆರಬೇಕು. ಆದರೆ ತಿಂಗಳ ಬಳಕೆಯು 200 ಯೂನಿಟ್ಟನ್ನು ದಾಟಿತೆಂದರೆ ರಿಯಾಯಿತಿಯೇ ಇಲ್ಲ. ಮೊದಲನೆಯ ಯೂನಿಟ್ಟಿನಿಂದ ಹಿಡಿದು ಎಲ್ಲಕ್ಕೂ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಈ ಮನೆಯಲ್ಲಿ ತಿಂಗಳಿಗೆ 100 ಯೂನಿಟ್ಟು ಬಳಕೆಯಾಗುತ್ತದೆ. ಅರ್ಹತೆ 110 ಯೂನಿಟ್ಟು. ಆದುದರಿಂದ ಬಿಲ್ಲು ಸೊನ್ನೆ. ಈಗ ಕಾರಿನ 162 ಯೂನಿಟ್ಟು ಸೇರಿದರೆ ಒಟ್ಟು 262. ಇನ್ನೂರರ ಗೆರೆಯನ್ನು ದಾಟಿಯಾಯಿತು! ಅಡುಗೆಮನೆಯ ದೀಪ, ತಾತನವರ ಫ್ಯಾನು, ಅವ್ವನ ಮಿಕ್ಸಿ ಇವೆಲ್ಲವೂ ಇಷ್ಟು ದಿನ ಉಚಿತವಾಗಿ ನಡೆಯುತ್ತಿದ್ದವು. ಕಾರು ಅಂಗಳಕ್ಕೆ ಬಂದ ತಿಂಗಳಿನಿಂದ ಇವುಗಳಿಗೂ ಹಣ ಕೊಡಬೇಕಾಗುತ್ತದೆ. ಆ ನೂರು ಯೂನಿಟ್ಟಿನ ಬೆಲೆ ತೆರಿಗೆ ಮುಂತಾದವು ಸೇರಿ 668 ರೂಪಾಯಿ 20 ಪೈಸೆ.

ಇಷ್ಟಕ್ಕೇ ಮುಗಿಯಲಿಲ್ಲ. ಬಿಲ್ಲಿನಲ್ಲಿ ನಿಗದಿತ ಶುಲ್ಕವೆಂಬ ಒಂದು ಸಾಲಿರುತ್ತದೆ. ವಿದ್ಯುತ್ತನ್ನು ಬಳಸಲಿ, ಬಿಡಲಿ, ಮನೆಗೆ ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ಇಷ್ಟೆಂದು ಅದನ್ನು ವಸೂಲು ಮಾಡುತ್ತಾರೆ. 2025-26ರಲ್ಲಿ ಅದು ಕಿಲೋವ್ಯಾಟಿಗೆ 145 ರೂಪಾಯಿ. ಬಾಡಿಗೆ ಮನೆಯಲ್ಲಿ ಒಂದು ತಿಂಗಳು ಬೀಗ ಹಾಕಿಕೊಂಡು ಊರಿಗೆ ಹೋದರೂ ಬಾಡಿಗೆ ತಪ್ಪುವುದಿಲ್ಲವಷ್ಟೆ. ಈ ಮನೆಗೆ ಮಂಜೂರಾಗಿರುವುದು ಎರಡು ಕಿಲೋವ್ಯಾಟು. ಕಾರಿನ ಚಾರ್ಜಿಗಾಗಿ ಇನ್ನೂ ಮೂರು ಕಿಲೋವ್ಯಾಟನ್ನು ಕೇಳಿ ಪಡೆಯಬೇಕು. ಹೆಚ್ಚುವರಿ ಮೂರಕ್ಕೆ 435 ರೂಪಾಯಿ; ಮೊದಲಿನ ಎರಡಕ್ಕೆ, ರಿಯಾಯಿತಿ ತಪ್ಪಿದ ಕಾರಣ, 290 ರೂಪಾಯಿ.

ಎಲ್ಲವನ್ನೂ ಕೂಡಿಸಿದಾಗ ತಿಂಗಳಿಗೆ 2,475 ರೂಪಾಯಿ 68 ಪೈಸೆ ಆಯಿತು. ಕಿಲೋಮೀಟರಿಗೆ 2 ರೂಪಾಯಿ 6 ಪೈಸೆ! ಮಳಿಗೆಯಲ್ಲಿ ಕೇಳಿದ ಮಾತಿಗೂ ಇದಕ್ಕೂ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ. ಮಾರುವವನು ಕಾರಿನ ವಿದ್ಯುತ್ತನ್ನಷ್ಟೇ ಎಣಿಸಿದ್ದನು. ಕಾರು ಬಂದುದರಿಂದ ಮನೆಯ ಲೆಕ್ಕ ಹೇಗೆ ಬದಲಾಗುತ್ತದೆಂಬುದನ್ನು ಎಣಿಸಿರಲಿಲ್ಲ. ಅವನಿಗೆ ಅದು ತಿಳಿದಿರಬೇಕೆಂದೂ ಇಲ್ಲ. ಬೆಂಗಳೂರಿನ ದೊಡ್ಡ ಮನೆಯೊಂದು ಕಾರಿಲ್ಲದೆಯೇ ಮುನ್ನೂರು ಯೂನಿಟ್ಟು ಬಳಸುತ್ತಿದ್ದರೆ ಅದಕ್ಕೆ ಗೃಹಜ್ಯೋತಿಯ ನಷ್ಟವೆಂಬುದೇ ಇಲ್ಲ. ಕಡಿಮೆ ಬಳಸುವ ಹಳ್ಳಿಯ ಮನೆಗೇ ಈ ಪೆಟ್ಟು ಜೋರಾಗಿ ಬೀಳುವುದು ಸ್ವಲ್ಪ ವಿಚಿತ್ರವೆನಿಸುತ್ತದೆ. ಆದರೆ ನಿಯಮವಿರುವುದು ಹೀಗೆ.

ಇನ್ನೂರರ ಗೆರೆಯ ಚಮತ್ಕಾರವನ್ನು ನೋಡಿರಿ. ಒಂದು ತಿಂಗಳು ಕಾರು ಕಡಿಮೆ ಓಡಿ, ಮನೆಯ ಬಳಕೆಯೆಲ್ಲ ಸೇರಿ ಸರಿಯಾಗಿ 200 ಯೂನಿಟ್ಟಿಗೆ ನಿಂತಿತೆನ್ನೋಣ. ಆಗ ಅರ್ಹತೆಯನ್ನು ಮೀರಿದ 90 ಯೂನಿಟ್ಟಿಗೆ ಮಾತ್ರ ಶುಲ್ಕ: 601 ರೂಪಾಯಿ 38 ಪೈಸೆ. ಇನ್ನೊಂದೇ ಯೂನಿಟ್ಟು ಹೆಚ್ಚಾಗಿ 201 ಆದರೆ ಅಷ್ಟೂ ಯೂನಿಟ್ಟಿಗೆ ಶುಲ್ಕ: 1,343 ರೂಪಾಯಿ 8 ಪೈಸೆ. ಆ ಕೊನೆಯ ಒಂದು ಯೂನಿಟ್ಟಿನ ಬೆಲೆ 741 ರೂಪಾಯಿ 70 ಪೈಸೆ ಎಂದಾಯಿತು. ಅಷ್ಟು ಬೆಲೆಯ ಒಂದು ಯೂನಿಟ್ಟಿನಿಂದ ಕಾರು ಓಡುವುದು ಏಳೂವರೆ ಕಿಲೋಮೀಟರಿಗಿಂತ ಕಡಿಮೆ ದೂರ. ತಿಂಗಳ ಕೊನೆಯ ವಾರದಲ್ಲಿ ಮೀಟರನ್ನು ನೋಡಿಕೊಂಡು, ಬೇಕಾದರೆ ಎರಡು ದಿನ ಬಸ್ಸಿನಲ್ಲಿ ಹೋಗಿಬಂದರೂ ಲಾಭವೇ.

ಹಾಗಾದರೆ ದಾರಿಯೇ ಇಲ್ಲವೆ? ಉಂಟು. ಕಾರಿಗಾಗಿಯೇ ಬೇರೆ ಸಂಪರ್ಕವನ್ನು, ಬೇರೆ ಮೀಟರನ್ನು ಕೇಳುವುದು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, ವಾಹನವನ್ನು ಚಾರ್ಜು ಮಾಡಿಕೊಳ್ಳಲು ಪ್ರತ್ಯೇಕ ಸಂಪರ್ಕವನ್ನು ಪಡೆಯುವ ಅವಕಾಶವನ್ನು ಗ್ರಾಹಕರಿಗೆ ಕೊಟ್ಟಿತು. ಆಗ ಮನೆಯ ಹಳೆಯ ಮೀಟರು ತನ್ನ ನೂರು ಯೂನಿಟ್ಟಿಗೆ ಸೊನ್ನೆ ಬಿಲ್ಲನ್ನೇ ತೋರಿಸುತ್ತಿರುತ್ತದೆ. ಕಾರಿನ ಮೀಟರು ತನ್ನ ಪಾಡಿಗೆ ತಾನು ಓಡುತ್ತದೆ. ಕಾರಿನ ಮೀಟರಿಗೆ ಮನೆ ಬಳಕೆಯ ದರವನ್ನೇ ಹಿಡಿದರೂ 1,082 ಮತ್ತು 435 ಸೇರಿ ತಿಂಗಳಿಗೆ ಸುಮಾರು 1,517 ರೂಪಾಯಿ; ಕಿಲೋಮೀಟರಿಗೆ 1 ರೂಪಾಯಿ 26 ಪೈಸೆ. ಒಂದೇ ಮೀಟರಿನ ಪದ್ಧತಿಗೆ ಹೋಲಿಸಿದರೆ ತಿಂಗಳಿಗೆ 958 ರೂಪಾಯಿಯ ಉಳಿತಾಯ. ವರ್ಷಕ್ಕೆ ಹನ್ನೊಂದು ಸಾವಿರದ ಮೇಲೆ. ಹೊಸ ಸಂಪರ್ಕದ ಠೇವಣಿ, ತಂತಿ, ಪೆಟ್ಟಿಗೆ ಇವುಗಳ ಖರ್ಚು ಒಮ್ಮೆ ಮಾತ್ರ ಬೀಳುವಂಥದು.

ಇನ್ನೊಂದು ದಾರಿಯನ್ನು ಯಾರಾದರೂ ಕಿವಿಯಲ್ಲಿ ಹೇಳಿಯಾರು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಗದ್ದೆಯಲ್ಲಿ ಪಂಪಿನ ಕಂಬವಿದೆ, ಅಲ್ಲಿಯೇ ಕಾರನ್ನು ನಿಲ್ಲಿಸಿ ತಂತಿ ಹಾಕಿದರಾಯಿತು ಎಂಬುದು ಆ ಉಪಾಯ. ಇದು ಅಪರಾಧ. ಒಂದು ಉದ್ದೇಶಕ್ಕೆ ಕೊಟ್ಟ ವಿದ್ಯುತ್ತನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಪ್ರಕರಣದಂತೆ ದರದ ಎರಡರಷ್ಟನ್ನು ಕಟ್ಟಿಸಿಕೊಳ್ಳುತ್ತಾರೆ. ಅದಲ್ಲದೆ, ಹಳ್ಳಿಗಳಲ್ಲಿ ನಿರಂತರ ಜ್ಯೋತಿ ಯೋಜನೆಯಿಂದ ಮನೆಗಳ ಮಾರ್ಗವನ್ನೂ ಪಂಪ್‌ಸೆಟ್ಟುಗಳ ಮಾರ್ಗವನ್ನೂ ಬೇರ್ಪಡಿಸಿದ್ದಾರೆ. ಪಂಪಿನ ಮಾರ್ಗದಲ್ಲಿ ದಿನದ ಕೆಲವು ಗಂಟೆಗಳು ಮಾತ್ರ ವಿದ್ಯುತ್ತು ಇರುತ್ತದೆ.

ತಂತಿಯ ವಿಷಯಕ್ಕೆ ಬರೋಣ. ಮನೆಯ ಸಾಕೆಟ್ಟಿನಿಂದ ಕಾರು ಸುಮಾರು 12 ಆಂಪಿಯರು ವಿದ್ಯುತ್ತನ್ನು ಎಳೆಯುತ್ತದೆ ಎನ್ನೋಣ. 230 ವೋಲ್ಟಿನಲ್ಲಿ ಅದು 2,760 ವ್ಯಾಟು. ದಿನದ 40 ಕಿಲೋಮೀಟರಿಗೆ ಬೇಕಾದ 5.4 ಯೂನಿಟ್ಟನ್ನು ತುಂಬಲು ಎರಡು ಗಂಟೆ ಸಾಕು. ಸಂಜೆ ಊರೆಲ್ಲ ದೀಪ ಹಚ್ಚಿ, ಟಿ.ವಿ. ಹಾಕಿ, ಫ್ಯಾನು ತಿರುಗಿಸಿದಾಗ ವೋಲ್ಟೇಜು 190ಕ್ಕೆ ಕುಸಿದರೆ ಅದೇ ಕೆಲಸಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಆದುದರಿಂದ ರಾತ್ರಿ ಹತ್ತರ ಮೇಲೆ ಚಾರ್ಜಿಗೆ ಹಾಕುವುದು ಒಳ್ಳೆಯದು. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರುವ ನಮ್ಮ ಸೀಮೆಯಲ್ಲಿ, ಬಿಸಿಲಿನಲ್ಲಿ ಕಾದ ಬ್ಯಾಟರಿಯು ತಣ್ಣಗಾಗಲು ಸ್ವಲ್ಪ ಹೊತ್ತು ಬಿಟ್ಟಂತೆಯೂ ಆಗುತ್ತದೆ.

ಹಳೆಯ ಮನೆಗಳಲ್ಲಿ ದೀಪಕ್ಕೆಂದು ಹಾಕಿದ ತಂತಿಯು ಬಹಳ ತೆಳುವಾಗಿರುತ್ತದೆ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ಮೀಟರಿನಿಂದ ಅಂಗಳದವರೆಗೆ 25 ಮೀಟರು ಎಳೆದಿದ್ದರೆ, ಹೋಗುವ ತಂತಿ ಬರುವ ತಂತಿ ಸೇರಿ ಅದರ ರೋಧ ಸುಮಾರು 0.86 ಓಮ್ ಆಗುತ್ತದೆ. ಶಾಖವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಂಬ ನಿಯಮವನ್ನು ನೀವು ಮುಂದೆ ಓದುವಿರಿ. ಹನ್ನೆರಡರ ವರ್ಗ 144, ಅದನ್ನು 0.86ರಿಂದ ಗುಣಿಸಿದರೆ ಸುಮಾರು 124 ವ್ಯಾಟು. ನಲವತ್ತು ವ್ಯಾಟಿನ ಮೂರು ಬಲ್ಬುಗಳನ್ನು ಗೋಡೆಯೊಳಗೆ ಹೂತು ಉರಿಸಿದಂತಾಯಿತು! ಹಣದ ಲೆಕ್ಕದಲ್ಲಿ ಇದು ತಿಂಗಳಿಗೆ ಐವತ್ತು ರೂಪಾಯಿ ಮಾತ್ರ. ಆದರೆ ತಂತಿಯ ಮೇಲಿನ ಹೊದಿಕೆ ಕರಗಿದರೆ ಮನೆಯೇ ಹೊತ್ತಿಕೊಳ್ಳಬಹುದು. ನಾಲ್ಕು ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ಆ ಶಾಖವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಅರ್ಥಿಂಗು, ಸೋರಿಕೆಯಾದ ಕೂಡಲೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಇವೆರಡೂ ಇರಲೇಬೇಕು. ಬಾಗಿಲ ಸಂದಿಯಿಂದ ಉದ್ದನೆಯ ಎಕ್ಸ್‌ಟೆನ್ಷನ್ ತಂತಿಯನ್ನು ಎಳೆದು, ಮಳೆಯಲ್ಲಿ ಅಂಗಳದ ನೀರಿನ ಮೇಲೆ ಬಿಟ್ಟು ಚಾರ್ಜು ಮಾಡುವುದಂತೂ ಪ್ರಾಣದೊಡನೆ ಆಟವಾಡಿದಂತೆ.

ಈಗ ಪೆಟ್ರೋಲಿನ ಪಕ್ಕದಲ್ಲಿಟ್ಟು ನೋಡೋಣ. ಲೀಟರಿಗೆ 18 ಕಿಲೋಮೀಟರು ಕೊಡುವ ಕಾರು 1,200 ಕಿಲೋಮೀಟರಿಗೆ ಸುಮಾರು 67 ಲೀಟರು ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿಯೆಂದೇ ಹಿಡಿದರೂ ತಿಂಗಳಿಗೆ 6,667 ರೂಪಾಯಿ. ವಿದ್ಯುತ್ತಿನ ಖರ್ಚು ಅತಿ ಹೆಚ್ಚೆಂದರೆ 2,476. ಇಷ್ಟೊಂದು ಅಂತರಕ್ಕೆ ಕಾರಣವೇನು? ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಎಂದರೆ ಪೆಟ್ರೋಲ್ ಕಾರು ಒಂದು ಕಿಲೋಮೀಟರಿಗೆ ಅರ್ಧ ಯೂನಿಟ್ಟನ್ನು ವ್ಯಯಿಸುತ್ತದೆ. ಅದರಲ್ಲಿ ಸುಮಾರು ಕಾಲು ಭಾಗವು ಚಕ್ರವನ್ನು ತಿರುಗಿಸುತ್ತದೆ, ಉಳಿದುದು ಬಿಸಿಯಾಗಿ ಹೊರಗೆ ಹೋಗುತ್ತದೆ. ವಿದ್ಯುತ್ ಮೋಟಾರಾದರೋ ತನಗೆ ಕೊಟ್ಟ ಶಕ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಕೆಲಸಕ್ಕೆ ಹಾಕುತ್ತದೆ.

ಹಾಗೆಂದು ಬೀಗುವಂತಿಲ್ಲ. ಆ ವಿದ್ಯುತ್ತು ಎಲ್ಲಿಂದ ಬಂದಿತು? ಎಮ್ಮಿಗನೂರಿನ ನೆರೆಹೊರೆಯಲ್ಲಿಯೇ ಎರಡು ಬಗೆಯ ಉತ್ತರಗಳಿವೆ. 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟಿನ ಬಲದಂಡೆಯಲ್ಲಿ, ಅಣೆಕಟ್ಟಿನ ಬುಡದಲ್ಲೊಂದು, ಹಂಪಿಯ ಬಳಿ ಕಾಲುವೆಯ ಮೇಲೊಂದು, ಹೀಗೆ ಎರಡು ವಿದ್ಯುದಾಗಾರಗಳಿವೆ. ಒಂದೊಂದರಲ್ಲಿಯೂ 9 ಮೆಗಾವ್ಯಾಟಿನ ನಾಲ್ಕು ಯಂತ್ರಗಳು. ಅಲ್ಲಿ ಹೊಗೆಯಿಲ್ಲ, ಯಂತ್ರವನ್ನು ತಿರುಗಿಸಿದ ನೀರೇ ಮುಂದೆ ಗದ್ದೆಗೆ ಹೋಗುತ್ತದೆ. ಇನ್ನೊಂದು ಕಡೆ ಕುಡತಿನಿಯಲ್ಲಿ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ. ಅದರ ಮೂರು ಘಟಕಗಳು ಸೇರಿ 1,700 ಮೆಗಾವ್ಯಾಟು. ಅಲ್ಲಿ ಉರಿಯುವುದು ಕಲ್ಲಿದ್ದಲು. ಆ ಇದ್ದಲಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ವಿದ್ಯುತ್ತಾಗುತ್ತದೆ. ಪಾವಗಡದ ಬಿಸಿಲಿನಿಂದ ಬರುವ ವಿದ್ಯುತ್ತೂ ಇದೇ ಜಾಲಕ್ಕೆ ಸೇರುತ್ತದೆ. ಆದರೆ ಕಾರು ಚಾರ್ಜಾಗುವ ರಾತ್ರಿಯಲ್ಲಿ ಬಿಸಿಲಿರುವುದಿಲ್ಲ. ನಮ್ಮ ಕಾರಿನ ಹಿಂದೆ ಹೊಗೆಯಿಲ್ಲದಿರುವುದು ನಿಜ. ಅದರ ಒಂದು ಪಾಲು ಕುಡತಿನಿಯ ಚಿಮಣಿಯಲ್ಲಿ ಹೊರಡುತ್ತಿದೆ ಎಂಬುದೂ ನಿಜ.

ಕೊನೆಗೆ ಸಾಲದ ಲೆಕ್ಕ. ವಿದ್ಯುತ್ ಕಾರುಗಳಿಗೆ 2019ರಿಂದ ಸರಕು ಸೇವಾ ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಿದರೂ, ಬ್ಯಾಟರಿಯ ಬೆಲೆಯಿಂದಾಗಿ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಅವು ದುಬಾರಿ. ಹುಡುಗಿಯು ಈ ಅಂತರವನ್ನು ಮೂರು ಲಕ್ಷ ರೂಪಾಯಿಯೆಂದು ಊಹಿಸಿ, ಆ ಹಣ ಎಷ್ಟು ದಿನಗಳಲ್ಲಿ ಹಿಂದಿರುಗುವುದೆಂದು ನೋಡಿದಳು. ಪ್ರತ್ಯೇಕ ಮೀಟರಿದ್ದರೆ ತಿಂಗಳಿಗೆ 5,150 ರೂಪಾಯಿ ಉಳಿದು, ಐದು ವರ್ಷಕ್ಕೆ ಎರಡು ತಿಂಗಳು ಮೊದಲೇ ಹಣ ಹಿಂದಿರುಗುತ್ತದೆ. ಒಂದೇ ಮೀಟರಾದರೆ ಆರು ವರ್ಷ ಹಿಡಿಯುತ್ತದೆ. ತಂದೆಯ ಓಡಾಟವು ದಿನಕ್ಕೆ 20 ಕಿಲೋಮೀಟರು ಮಾತ್ರವಾಗಿದ್ದರೆ? ಆಗ ಮನೆಯ ಬಳಕೆ 181 ಯೂನಿಟ್ಟಿನಲ್ಲಿ ನಿಂತು ಗೃಹಜ್ಯೋತಿ ಉಳಿಯುತ್ತದೆ. ಬಿಲ್ಲು ಐನೂರು ರೂಪಾಯಿಯೊಳಗೇ ಬರಬಹುದು. ಆದರೆ ಪೆಟ್ರೋಲಿನ ಉಳಿತಾಯವೂ ಅರ್ಧಕ್ಕೆ ಇಳಿಯುವುದರಿಂದ ಮೂರು ಲಕ್ಷವು ಮರಳಲು ಎಂಟೂಮುಕ್ಕಾಲು ವರ್ಷ ಬೇಕು. ಟಿಯಾಗೊ ಕಾರಿನ ಬ್ಯಾಟರಿಗೆ ಕಂಪನಿಯು ಭರವಸೆ ಕೊಟ್ಟಿದ್ದುದು ಎಂಟು ವರ್ಷ ಅಥವಾ 1,60,000 ಕಿಲೋಮೀಟರು. ಹೆಚ್ಚು ಓಡುವವನಿಗೆ ಈ ಕಾರು ಅಗ್ಗ. ಅಂಗಳದಲ್ಲಿ ಶೋಭೆಗೆ ನಿಲ್ಲಿಸುವವನಿಗೆ ದುಬಾರಿ.

ತಂದೆಯು ಪುಸ್ತಕವನ್ನು ತಿರುವಿ ತಿರುವಿ ನೋಡಿದರು. “ಏನವ್ವಾ, ನಾಳೆ ಮಳಿಗೆಗೆ ಹೋಗಬೇಕೋ ಬೇಡವೋ?” ಎಂದರು.

“ಮೊದಲು ಜೆಸ್ಕಾಂ ಕಚೇರಿಗೆ ಹೋಗಿರಿ ಅಪ್ಪಾ. ಎರಡನೆಯ ಮೀಟರಿಗೆ ಏನೇನು ಕಾಗದ ಬೇಕು, ಕಾರಿನ ಮೀಟರಿಗೆ ಯಾವ ದರ ಹಾಕುತ್ತಾರೆ, ಎಂದು ಕೇಳಿಕೊಂಡು ಬನ್ನಿರಿ. ಹಳೆಯ ಬಿಲ್ಲನ್ನೂ ಜೊತೆಗೆ ಒಯ್ಯಿರಿ; ಅದರಲ್ಲಿ ಆರ್.ಆರ್. ನಂಬರು ಇದೆ.”

ತಂದೆಯು ನಕ್ಕು ಒಪ್ಪಿಕೊಂಡರು. ತಾತನವರು ಮಾತ್ರ ಎದ್ದುಹೋಗಿ, ಬಾಗಿಲ ಪಕ್ಕದ ಗೋಡೆಯ ಮೇಲಿದ್ದ ಮೀಟರನ್ನು ದಿಟ್ಟಿಸಿ ನೋಡುತ್ತ ನಿಂತರು. ಅದರ ಕೆಂಪು ಚುಕ್ಕೆಯು ಆಗೊಮ್ಮೆ ಈಗೊಮ್ಮೆ ಮಿನುಗುತ್ತಿತ್ತು. ಮೀಟರಿನ ಮೇಲೆ 3200 ಎಂದು ಅಚ್ಚಾಗಿತ್ತು. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ಟು ಎಂದು ಮೊಮ್ಮಗಳು ವಿವರಿಸಿದಳು. ನಡುಮನೆಯ ನಲವತ್ತು ವ್ಯಾಟಿನ ಬಲ್ಬೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಆರಿಸಿ ತೋರಿಸಿದಳು. ಒಂದು ಮಿನುಗಿನಿಂದ ಇನ್ನೊಂದು ಮಿನುಗಿಗೆ ಇಪ್ಪತ್ತೆಂಟು ಸೆಕೆಂಡು ಹಿಡಿಯಿತು.

“ಕಾರು ಹಚ್ಚಿದರೆ?” ಎಂದು ತಾತನವರು ಕೇಳಿದರು.

“ಒಂದು ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ತಾತ” ಎಂದಳು ಅವಳು.